ಬೋಲ್ಟು ಕೂತರೆ ಸಾಲದು: ಹೊಸ ಲಾರಿಗೆ ಹಳೆಯ ಎಂಜಿನ್ ಬ್ಲಾಕ್ ಮತ್ತು ಒಂದು ವಿಜ್ಞಾನ ಪಾಠ

ಯಂತ್ರದ ಪಾಠ ಎಂದರೆ ನಮ್ಮಲ್ಲಿ ಹೆಚ್ಚಿನವರು ಒಂದು ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಒಂದೊಂದರ ಕೆಲಸ ಹೇಳಿ ಮುಗಿಸುತ್ತೇವೆ. ಸಿಲಿಂಡರ್, ಪಿಸ್ಟನ್, ಕ್ರ್ಯಾಂಕ್, ವಾಲ್ವ್ ಎಂದು ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲೂ ಸರಿಯಾಗಿ ಬರೆಯುತ್ತಾರೆ. ಆದರೆ ಭಾಗಗಳ ಹೆಸರು ಗೊತ್ತಿರುವುದು ಬೇರೆ, ಆ ಭಾಗಗಳು ಒಂದನ್ನೊಂದು ಹೇಗೆ ನಂಬಿಕೊಂಡಿವೆ ಎಂಬುದು ಗೊತ್ತಿರುವುದು ಬೇರೆ. ಎರಡನೆಯದನ್ನು ಕಲಿಸುವುದಕ್ಕೆ ಒಂದು ಸುಲಭ ದಾರಿ ಇದೆ. ಯಂತ್ರದ ಒಂದು ಭಾಗವನ್ನು ತೆಗೆದು, ಅದರ ಜಾಗದಲ್ಲಿ ಬೇರೆ ಕಾಲದ ಭಾಗವನ್ನು ಇಟ್ಟರೆ ಏನೇನು ನಿಂತುಹೋಗುತ್ತದೆ ಎಂದು ಕೇಳುವುದು. ಈ ಲೇಖನದಲ್ಲಿ ಅಂಥ ಒಂದು ಪ್ರಶ್ನೆಯನ್ನು ಎತ್ತಿಕೊಂಡು, ಅದರ ತಾಂತ್ರಿಕ ವಿವರಣೆಯನ್ನೂ ಅದನ್ನು ಎರಡು ಅವಧಿಗಳಲ್ಲಿ ಪಾಠವಾಗಿಸಿದ ಕ್ರಮವನ್ನೂ ಸಹ ಪ್ರಶಿಕ್ಷಣಾರ್ಥಿಗಳ ಮುಂದಿಡುತ್ತಿದ್ದೇನೆ.

ಪ್ರಶ್ನೆ ಬಂದದ್ದು ಎಲ್ಲಿಂದ

ನನ್ನ ಬೋಧನಾಭ್ಯಾಸ ನಡೆದದ್ದು ಹೆದ್ದಾರಿಯ ಪಕ್ಕದ ಒಂದು ಪ್ರೌಢಶಾಲೆಯಲ್ಲಿ. ತರಗತಿಯ ಮಕ್ಕಳಲ್ಲಿ ಹಲವರ ಮನೆಯಲ್ಲಿ ಡ್ರೈವರ್, ಕ್ಲೀನರ್, ಟೈರ್ ಪಂಕ್ಚರ್ ಅಂಗಡಿಯವರು, ಗ್ಯಾರೇಜ್ ಮೇಸ್ತ್ರಿಗಳು ಇದ್ದಾರೆ. ಶಕ್ತಿಯ ರೂಪಾಂತರದ ಪಾಠಕ್ಕೆ ಡೀಸೆಲ್ ಎಂಜಿನ್ನಿನ ಉದಾಹರಣೆ ಕೊಟ್ಟಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ಕೇಳಿದ: "ಮಿಸ್, ಹೊಸ ಲಾರಿ ಕೆಟ್ರೆ ಲ್ಯಾಪ್‌ಟಾಪ್ ಹಾಕಿ ನೋಡ್ಬೇಕು ಅಂತಾರೆ. ಹಳೇ ಎಂಜಿನ್ ಆದ್ರೆ ಪಾನ ಹಿಡಿದು ಬಿಚ್ಚಬಹುದು. ಹೊಸ ಲಾರಿಗೆ ಹಳೇ ಎಂಜಿನ್ನೇ ಕೂರಿಸಿಬಿಟ್ರೆ ಆಗಲ್ವಾ?" ಅವರ ತಂದೆ ಸಾಲ ಮಾಡಿ ಒಂದು ಲಾರಿ ಇಟ್ಟುಕೊಂಡಿದ್ದಾರೆ, ಅದು ರಿಪೇರಿಗೆ ನಿಂತಿದೆ, ಮನೆಯಲ್ಲಿ ಈ ಮಾತು ನಿಜವಾಗಿಯೂ ನಡೆಯುತ್ತಿದೆ ಎಂದು ಆಮೇಲೆ ತಿಳಿಯಿತು.

ಇದು ಪಾಠಯೋಜನೆಯಲ್ಲಿ ಇಲ್ಲದ ಪ್ರಶ್ನೆ. 'ಆಗಲ್ಲ' ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಏಕೆ ಆಗುವುದಿಲ್ಲ, ಎಲ್ಲಿಯವರೆಗೆ ಆಗುತ್ತದೆ ಎಂದು ಹೇಳದಿದ್ದರೆ ಆ ಉತ್ತರಕ್ಕೆ ವಿಜ್ಞಾನ ಪಾಠದಲ್ಲಿ ಬೆಲೆ ಇಲ್ಲ. ಮಾರ್ಗದರ್ಶಕ ಅಧ್ಯಾಪಕರ ಒಪ್ಪಿಗೆ ಪಡೆದು ಮುಂದಿನ ಎರಡು ಅವಧಿಗಳನ್ನು ಈ ಪ್ರಶ್ನೆಗೇ ಮೀಸಲಿಟ್ಟೆ.

ಉದಾಹರಣೆಗೆ ಆಯ್ದುಕೊಂಡ ಎಂಜಿನ್

ಇಂಥ ಬದಲಾವಣೆ ಬಹಳವಾಗಿ ನಡೆದಿರುವುದು ಅಮೆರಿಕದಲ್ಲಿ. ಅಲ್ಲಿನ ಡಾಡ್ಜ್ ರಾಮ್ ಎಂಬ ದೊಡ್ಡ ಪಿಕಪ್ ಟ್ರಕ್‌ಗಳಿಗೆ 1989ರ ಮಾದರಿಯಿಂದ ಕಮಿನ್ಸ್ ಕಂಪನಿಯ ಬಿ ಸರಣಿಯ 5.9 ಲೀಟರ್ ಡೀಸೆಲ್ ಎಂಜಿನ್ ಬರುತ್ತಿತ್ತು. ಸಾಲಾಗಿ ನಿಂತ ಆರು ಸಿಲಿಂಡರ್‌ಗಳು. ಎರಕದ ಕಬ್ಬಿಣದ ಬ್ಲಾಕ್. ಬೇರೆ ಲೈನರ್ ಇಲ್ಲದೆ ಬ್ಲಾಕಿನಲ್ಲೇ ನೇರವಾಗಿ ಕೊರೆದ ಸಿಲಿಂಡರ್‌ಗಳು.

ನಮ್ಮ ಮಕ್ಕಳಿಗೆ ಇದು ಪರದೇಶದ ಎಂಜಿನ್ ಎನ್ನಿಸಬೇಕಾಗಿಲ್ಲ. ಟಾಟಾ ಮತ್ತು ಕಮಿನ್ಸ್ ಸೇರಿ 1993ರಲ್ಲಿ ಟಾಟಾ ಕಮಿನ್ಸ್ ಸಂಸ್ಥೆಯನ್ನು ಆರಂಭಿಸಿದವು. ಜಮ್‌ಶೆಡ್‌ಪುರದ ಕಾರ್ಖಾನೆಯಲ್ಲಿ ಇದೇ ಬಿ ಸರಣಿಯ ಎಂಜಿನ್ನುಗಳು ತಯಾರಾಗಿ ಟಾಟಾ ಲಾರಿಗಳಲ್ಲಿ ಕೂತವು. 'ಕಮಿನ್ಸ್ ಗಾಡಿ' ಎಂದರೆ ನನ್ನ ತರಗತಿಯ ಅರ್ಧ ಮಕ್ಕಳಿಗೆ ಗೊತ್ತು.

ಈ ಎಂಜಿನ್ ಮೂರು ಹಂತಗಳಲ್ಲಿ ಬದಲಾಯಿತು. ಡಾಡ್ಜ್ ಟ್ರಕ್‌ಗಳಲ್ಲಿ 1998ರ ಮಾದರಿಯ ಮೊದಲ ಭಾಗದವರೆಗೆ ಸಿಲಿಂಡರಿಗೆ ಎರಡರಂತೆ ಒಟ್ಟು 12 ವಾಲ್ವ್. ಡೀಸೆಲ್ ಪಂಪು ಪೂರ್ತಿ ಯಾಂತ್ರಿಕ. 1994ರಿಂದ ಬಂದ ಪಂಪು ಬಾಷ್ ಪಿ7100, ಆರು ಸಿಲಿಂಡರಿಗೂ ಸಾಲಾಗಿ ಆರು ಪ್ಲಂಜರ್ ಇರುವಂಥದ್ದು. ನಮ್ಮ ಗ್ಯಾರೇಜುಗಳಲ್ಲಿ 'ಮೈಕೋ ಪಂಪು' ಎಂದು ಕರೆಯುವ ಪಂಪಿನ ಜಾತಿಯೇ ಅದು. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ಬಾಷ್ ತಂತ್ರಜ್ಞಾನದ ಇಂಥ ಪಂಪುಗಳಿಂದಲೇ ಹೆಸರು ಮಾಡಿತು. 1998ರ ನಡುವಿನಿಂದ 24 ವಾಲ್ವ್‌ಗಳ ಎಂಜಿನ್ ಬಂತು, ಪಂಪು ವಿಪಿ44 ಎಂಬ ಎಲೆಕ್ಟ್ರಾನಿಕ್ ಪಂಪಾಯಿತು. 2003ರ ಮಾದರಿಯಿಂದ ಕಾಮನ್ ರೈಲ್ ವ್ಯವಸ್ಥೆ ಬಂತು. ಮೂರು ಹಂತಗಳಲ್ಲೂ ಬೋರ್ ಸುಮಾರು 102 ಮಿ.ಮೀ., ಸ್ಟ್ರೋಕ್ ಸುಮಾರು 120 ಮಿ.ಮೀ. ಹಾಗೆಯೇ ಉಳಿಯಿತು.

ಇಲ್ಲಿ ಗಣಿತಕ್ಕೆ ಒಂದು ಅವಕಾಶವಿದೆ. ಸಿಲಿಂಡರಿನ ಘನಫಲದ ಸೂತ್ರ ಮಕ್ಕಳಿಗೆ ಗೊತ್ತಿರುತ್ತದೆ. ತ್ರಿಜ್ಯ 5.1 ಸೆಂ.ಮೀ., ಎತ್ತರ 12 ಸೆಂ.ಮೀ. ಹಾಕಿದರೆ 3.14 × 26.01 × 12 = ಸುಮಾರು 980 ಘನ ಸೆಂ.ಮೀ. ಆರರಿಂದ ಗುಣಿಸಿದರೆ 5880. ಅಂದರೆ 5.88 ಲೀಟರ್. '5.9 ಲೀಟರ್ ಎಂಜಿನ್' ಎಂಬ ಮಾತು ಎಲ್ಲಿಂದ ಬಂತು ಎಂದು ಮಕ್ಕಳು ತಾವೇ ಕಂಡುಕೊಂಡಾಗ ಆಗುವ ಸಂತೋಷ ಯಾವ ಪಠ್ಯದ ಲೆಕ್ಕದಲ್ಲೂ ಆಗಿರಲಿಲ್ಲ.

ಬ್ಲಾಕನ್ನು ಏಕೆ ಬದಲಿಸುತ್ತಾರೆ

ಎಂಜಿನ್ನಿನ ಉಳಿದೆಲ್ಲ ಭಾಗಗಳಿಗೆ ಬ್ಲಾಕ್ ಮನೆ ಇದ್ದ ಹಾಗೆ. ಅದರೊಳಗೆ ಪಿಸ್ಟನ್ ಓಡುತ್ತದೆ, ಕೆಳಗೆ ಕ್ರ್ಯಾಂಕ್ ತಿರುಗುತ್ತದೆ, ಸಿಲಿಂಡರಿನ ಸುತ್ತ ನೀರು ಹರಿಯುವ ಪೊಳ್ಳು ಜಾಗ ಇರುತ್ತದೆ. ಬೇರಿಂಗ್, ರಿಂಗ್, ಗ್ಯಾಸ್ಕೆಟ್ ಹೋದರೆ ಹೊಸದು ಹಾಕಬಹುದು. ಸಿಲಿಂಡರ್ ಸವೆದರೆ ಬೋರ್ ಮಾಡಿಸಬಹುದು. ಆದರೆ ಬ್ಲಾಕೇ ಬಿರುಕು ಬಿಟ್ಟರೆ?

ಡಾಡ್ಜ್ ಟ್ರಕ್‌ಗಳಲ್ಲಿ ಹೀಗಾದದ್ದುಂಟು. 1999ರಿಂದ 2001ರ ಆಸುಪಾಸಿನ ಕೆಲವು 24 ವಾಲ್ವ್ ಎಂಜಿನ್ನುಗಳ ಬ್ಲಾಕಿನ ಮೇಲೆ '53' ಎಂಬ ಅಚ್ಚಿನ ಸಂಖ್ಯೆ ಇದೆ. ಈ ಎರಕದಲ್ಲಿ ನೀರಿನ ಪೊಳ್ಳಿನ ಹೊರಗೋಡೆ ತೆಳುವಾಗಿದ್ದು, ಬ್ಲಾಕಿನ ಪಕ್ಕದಲ್ಲಿ ಬಿರುಕು ಬಿಟ್ಟು ನೀರು ಸೋರುವ ತೊಂದರೆಗೆ ಅದು ಹೆಸರಾಯಿತು. ಅಲ್ಲಿ ಹಳೆಯ ಟ್ರಕ್ ಕೊಳ್ಳುವವರು ಮೊದಲು ಬಗ್ಗಿ ಈ ಸಂಖ್ಯೆಯನ್ನು ನೋಡುತ್ತಾರೆ.

ಬೆಸುಗೆ ಹಾಕಿದರೆ ಆಗದೇ ಎಂದು ಮಕ್ಕಳು ಕೇಳುತ್ತಾರೆ. ಇದಕ್ಕೆ ಉತ್ತರ ಲೋಹದ ಗುಣದಲ್ಲಿದೆ. ಎರಕದ ಕಬ್ಬಿಣದಲ್ಲಿ ಶೇಕಡಾ 2ರಿಂದ 4ರಷ್ಟು ಇಂಗಾಲ ಇರುತ್ತದೆ. ಅದರ ಬಹುಭಾಗ ಗ್ರಾಫೈಟ್ ಆಗಿ ಕಬ್ಬಿಣದ ನಡುವೆ ಸೇರಿಕೊಂಡಿರುತ್ತದೆ. ಹೀಗಾಗಿ ಈ ಲೋಹ ಬಗ್ಗುವುದಿಲ್ಲ, ಒಡೆಯುತ್ತದೆ. ಬೆಸುಗೆಯ ಜಾಗ ಮಾತ್ರ ಕೆಂಪಗೆ ಕಾದು ಪಕ್ಕದ ಜಾಗ ತಣ್ಣಗಿದ್ದರೆ, ಆರುವಾಗ ಒಂದು ಕಡೆ ಹೆಚ್ಚು ಕುಗ್ಗಿ ಪಕ್ಕದಲ್ಲೇ ಹೊಸ ಬಿರುಕು ಏಳುತ್ತದೆ. ಆದ್ದರಿಂದ ಕೆಲವರು ಬಿರುಕಿನುದ್ದಕ್ಕೂ ಒಂದರ ಪಕ್ಕ ಒಂದು ಸ್ಕ್ರೂ ಕೂರಿಸಿ ಬಟ್ಟೆ ಹೊಲಿದ ಹಾಗೆ 'ಹೊಲಿಯುತ್ತಾರೆ'. ಉಳಿದವರು ಬ್ಲಾಕನ್ನೇ ಬದಲಿಸುತ್ತಾರೆ.

ಬದಲಿಸುವವರಿಗೆ ಎರಡು ದಾರಿಗಳಿವೆ. ಒಂದು, ಅದೇ 24 ವಾಲ್ವ್ ಜಾತಿಯ, 53 ಅಲ್ಲದ ಅಚ್ಚಿನ ಬರಿಯ ಬ್ಲಾಕ್ ತಂದು ತಮ್ಮ ಹೆಡ್, ಪಂಪು, ಸೆನ್ಸಾರ್‌ಗಳನ್ನು ಅದಕ್ಕೆ ವರ್ಗಾಯಿಸುವುದು. ಇನ್ನೊಂದು, ಹಳೆಯ 12 ವಾಲ್ವ್ ಎಂಜಿನ್ನನ್ನು ಬ್ಲಾಕ್ ಸಮೇತ, ಯಾಂತ್ರಿಕ ಪಂಪಿನ ಸಮೇತ ತಂದು ಹೊಸ ಟ್ರಕ್ಕಿನಲ್ಲಿ ಇಳಿಸುವುದು. ನಮ್ಮ ಹುಡುಗ ಕೇಳಿದ್ದು ಎರಡನೆಯ ದಾರಿಯ ಬಗ್ಗೆ. ಅದನ್ನೇ ನಾಲ್ಕು ಹಂತಗಳಲ್ಲಿ ನೋಡೋಣ.

ಮೊದಲ ಹಂತ: ಕೂರುತ್ತದೆಯೇ?

ಇಲ್ಲಿ ಕೇಳುವುದು ಅಳತೆಯ ಪ್ರಶ್ನೆ. ಚಾಸಿಯ ಮೇಲಿನ ಎಂಜಿನ್ ಮೌಂಟು, ಗೇರ್ ಬಾಕ್ಸಿಗೆ ಸೇರುವ ಹಿಂಭಾಗ, ಫ್ಲೈವೀಲ್, ರೇಡಿಯೇಟರ್ ಪೈಪು, ಇವೆಲ್ಲ ಹೊಂದಬೇಕು. 12 ಮತ್ತು 24 ವಾಲ್ವ್ ಎಂಜಿನ್ನುಗಳು ಒಂದೇ ಕುಲದವಾದ್ದರಿಂದ ಈ ಅಳತೆಗಳು ಬಹುಮಟ್ಟಿಗೆ ಹೊಂದುತ್ತವೆ. ಅರ್ಧ ಟನ್ನಿಗೆ ಹತ್ತಿರದ ತೂಕವನ್ನು ಚೈನ್ ಪುಲಿಯಲ್ಲಿ ಇಳಿಸಿ, ಬೋಲ್ಟು ಬಿಗಿದು, 'ಕೂತಿತು' ಎಂದು ಹೇಳಬಹುದು. ಹೆಚ್ಚಿನ ಜನರ ಮನಸ್ಸಿನಲ್ಲಿ ಎಂಜಿನ್ ಬದಲಾವಣೆ ಎಂದರೆ ಇಷ್ಟೇ. ನಿಜವಾಗಿ ನೋಡಿದರೆ ಕೆಲಸ ಇಲ್ಲಿಂದ ಶುರು.

ಎರಡನೇ ಹಂತ: ಗಾಳಿ, ಡೀಸೆಲ್, ಎಣ್ಣೆ, ನೀರು

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿದಾಗ ಏಳುವ ಬಿಸಿಯೇ ಡೀಸೆಲ್ ಹೊತ್ತಿಸುತ್ತದೆ. ಈ ಹಳೆಯ ಎಂಜಿನ್ನಿನ ಸಂಪೀಡನ ಅನುಪಾತ ಸುಮಾರು 17.5ಕ್ಕೆ 1. ಪಿಸ್ಟನ್ ಕೆಳಗಿದ್ದಾಗ ಒಂದು ಸಿಲಿಂಡರಿನಲ್ಲಿ ಸುಮಾರು 1040 ಘನ ಸೆಂ.ಮೀ. ಗಾಳಿ ಇದ್ದರೆ, ಮೇಲೆ ಬಂದಾಗ ಅದು ಸುಮಾರು 59 ಘನ ಸೆಂ.ಮೀ.ಗೆ, ಅಂದರೆ ಹೋಟೆಲಿನ ಅರ್ಧ ಲೋಟ ಚಹಾದಷ್ಟು ಜಾಗಕ್ಕೆ ಇಳಿಯುತ್ತದೆ. ಆಗ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸೈಕಲ್ ಪಂಪಿನ ಬಾಯಿ ಮುಚ್ಚಿ ನಾಲ್ಕು ಬಾರಿ ಒತ್ತಿದರೆ ಅದರ ತಳ ಬೆಚ್ಚಗಾಗುವುದನ್ನು ಮಕ್ಕಳು ಕೈಯಾರೆ ಮುಟ್ಟಿ ನೋಡಬಹುದು.

ಆ ಕ್ಷಣಕ್ಕೆ ಸರಿಯಾಗಿ ಡೀಸೆಲ್ ಬರಬೇಕು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಒಂದು ಸಿಲಿಂಡರ್ ಒಮ್ಮೆ ಉರಿಯುತ್ತದೆ. 720 ಡಿಗ್ರಿಯಲ್ಲಿ ಆರು ಸಿಲಿಂಡರ್, ಅಂದರೆ ಪ್ರತಿ 120 ಡಿಗ್ರಿಗೆ ಒಂದು ಉರಿ. ಈ ಎಂಜಿನ್ನಿನ ಉರಿಯುವ ಕ್ರಮ 1-5-3-6-2-4. ನಿಮಿಷಕ್ಕೆ 1500 ಸುತ್ತಿನಲ್ಲಿ ಲೆಕ್ಕ ಹಾಕಿದರೆ ನಿಮಿಷಕ್ಕೆ 4500 ಬಾರಿ ಡೀಸೆಲ್ ಚಿಮ್ಮಬೇಕು. ಹಳೆಯ ಪಂಪಿನಲ್ಲಿ ಈ ಲೆಕ್ಕ ಹಲ್ಲಿನ ಚಕ್ರದಲ್ಲೇ ಅಡಗಿದೆ. ಮುಂಭಾಗದ ಗೇರುಗಳು ಪಂಪನ್ನು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗಿಸುತ್ತವೆ, ಒಳಗಿನ ಕ್ಯಾಮ್ ಒಂದೊಂದೇ ಪ್ಲಂಜರನ್ನು ಒತ್ತುತ್ತದೆ, ಒತ್ತಡ ಸುಮಾರು 260 ಬಾರ್ ಮುಟ್ಟಿದಾಗ ನಾಜಲ್ ತೆರೆದುಕೊಳ್ಳುತ್ತದೆ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಣ್ಣ ಪಂಪು ಕೂಡ ಬ್ಲಾಕಿನ ಪಕ್ಕದಲ್ಲಿದ್ದು ಕ್ಯಾಮ್ ಶಾಫ್ಟಿನಿಂದಲೇ ನಡೆಯುತ್ತದೆ. 24 ವಾಲ್ವ್ ಎಂಜಿನ್ನಿನಲ್ಲಿ ಅದು ವಿದ್ಯುತ್ತಿನ ಪಂಪು. ಆದ್ದರಿಂದ ಹಳೆಯ ಎಂಜಿನ್ ತರುವಾಗ ಮುಂದಿನ ಗೇರ್ ಹೌಸಿಂಗ್, ಪಂಪು, ಪೈಪು ಎಲ್ಲ ಒಟ್ಟಿಗೇ ಬರಬೇಕು.

ಇಲ್ಲಿಯವರೆಗೆ ಹಳೆಯ ಎಂಜಿನ್ನಿನದೇ ಮೇಲುಗೈ ಎನ್ನಿಸಬಹುದು. ಒಂದು ಸಲ ಸುರುವಾದರೆ ತಿರುಗುತ್ತಲೇ ಇರಲು ಅದಕ್ಕೆ ಕಂಪ್ಯೂಟರ್ ಬೇಕಿಲ್ಲ. ಹಾಗೆಂದು ಹಳೆಯದೆಲ್ಲ ಚಿನ್ನವಲ್ಲ. ಇದೇ ಎಂಜಿನ್ನಿನ ಗೇರ್ ಹೌಸಿಂಗ್ ಒಳಗೆ ಬೆರಳ ತುದಿಯಷ್ಟು ಚಿಕ್ಕ ಉಕ್ಕಿನ ಪಿನ್ನೊಂದಿದೆ. ಅದು ವರ್ಷಗಳ ಅದುರಾಟಕ್ಕೆ ಸಡಿಲಾಗಿ ಹೊರಬಂದು ಗೇರುಗಳ ನಡುವೆ ಬಿದ್ದರೆ ಹೌಸಿಂಗ್ ಒಡೆದು ಎಂಜಿನ್ನೇ ಹಾಳಾಗಬಹುದು. ಎಂಜಿನ್ ಹೊರಗಿರುವಾಗಲೇ ಆ ಪಿನ್ನಿನ ಮುಂದೆ ಒಂದು ಸಣ್ಣ ತಗಡು ಬಿಗಿದು ಅದನ್ನು ತಡೆಯುವುದು ಅಲ್ಲಿನ ಮೆಕ್ಯಾನಿಕ್‌ಗಳ ವಾಡಿಕೆ.

ಮೂರನೇ ಹಂತ: ಸುದ್ದಿ

ಮಕ್ಕಳು ಯೋಚಿಸಿಯೇ ಇರದ ಹಂತ ಇದು. ಪಾಠದ ತಿರುಳೂ ಇಲ್ಲೇ ಇದೆ.

ಹೊಸ ಟ್ರಕ್ಕಿನ ಭಾಗಗಳು ಎಂಜಿನ್ನಿನಿಂದ ಬಲವನ್ನು ಮಾತ್ರ ಪಡೆಯುವುದಿಲ್ಲ, ಸುದ್ದಿಯನ್ನೂ ಪಡೆಯುತ್ತವೆ. ಎಷ್ಟು ವೇಗವಾಗಿ ತಿರುಗುತ್ತಿದ್ದೀಯ, ಎಷ್ಟು ಬಿಸಿಯಾಗಿದ್ದೀಯ, ಎಣ್ಣೆಯ ಒತ್ತಡ ಎಷ್ಟಿದೆ, ಡ್ರೈವರ್ ಪೆಡಲ್ ಎಷ್ಟು ಒತ್ತಿದ್ದಾನೆ ಎಂದು ಕೇಳುತ್ತಲೇ ಇರುತ್ತವೆ. 24 ವಾಲ್ವ್ ಎಂಜಿನ್ನಿನಲ್ಲಿ ಸೆನ್ಸಾರ್‌ಗಳು ಇದಕ್ಕೆ ಉತ್ತರ ಕೊಡುತ್ತವೆ. ಹಳೆಯ ಎಂಜಿನ್ ಚೆನ್ನಾಗಿ ಓಡುತ್ತದೆ, ಆದರೆ ಆ ಭಾಷೆಯಲ್ಲಿ ಉತ್ತರ ಕೊಡುವುದಿಲ್ಲ. ಪರಿಣಾಮಗಳನ್ನು ಒಂದೊಂದಾಗಿ ನೋಡಿ.

ಬ್ಯಾಟರಿ: ಆಲ್ಟರ್ನೇಟರ್ ಬೆಲ್ಟಿನಲ್ಲಿ ತಿರುಗುತ್ತಿದ್ದರೂ ಚಾರ್ಜ್ ಆಗದೆ ಇರಬಹುದು. ಈ ಟ್ರಕ್‌ಗಳಲ್ಲಿ ಆಲ್ಟರ್ನೇಟರಿನ ಒಳಗಿನ ಸುರುಳಿಗೆ ವಿದ್ಯುತ್ ಬಿಡುವುದು ಕಂಪ್ಯೂಟರ್. ಎಂಜಿನ್ ತಿರುಗುತ್ತಿದೆ ಎಂಬ ಸಂಕೇತ ಬಂದರೆ ಮಾತ್ರ ಅದು ಬಿಡುತ್ತದೆ. ವೇಗದ ಸೆನ್ಸಾರ್ ಸುಮ್ಮನಿದ್ದರೆ, ಎಂಜಿನ್ ಗುಡುಗುತ್ತಿದ್ದರೂ ಕಂಪ್ಯೂಟರಿನ ಲೆಕ್ಕದಲ್ಲಿ ಗಾಡಿ ನಿಂತಿದೆ.

ಗೇರ್: ಆಟೊಮ್ಯಾಟಿಕ್ ಗೇರ್ ಬಾಕ್ಸ್ ಇದ್ದರೆ, ಎಂಜಿನ್ ವೇಗವೂ ಪೆಡಲಿನ ಸ್ಥಿತಿಯೂ ಗೊತ್ತಾಗದೆ ಅದು ಓವರ್‌ಡ್ರೈವ್ ಗೇರಿಗೆ ಏರುವುದಿಲ್ಲ.

ಮುಂದಿನ ಮೀಟರ್‌ಗಳು: ಆರ್‌ಪಿಎಂ ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತದೆ. ಬಿಸಿಯ ಮುಳ್ಳೂ ಎಣ್ಣೆಯ ಮುಳ್ಳೂ ಸುಳ್ಳು ಹೇಳಬಹುದು. ಎಣ್ಣೆಯ ಒತ್ತಡ ಇಳಿದದ್ದು ಡ್ರೈವರಿಗೆ ಗೊತ್ತಾಗದಿದ್ದರೆ ಎಂಜಿನ್ ಸೀಜ್ ಆಗುವುದಕ್ಕೆ ಹೆಚ್ಚು ಹೊತ್ತು ಬೇಡ.

ಕೀಲಿ: ನನ್ನ ತರಗತಿ ಬೆಕ್ಕಸಬೆರಗಾದದ್ದು ಇದಕ್ಕೆ. ಯಾಂತ್ರಿಕ ಪಂಪಿನ ಎಂಜಿನ್ನನ್ನು ನಿಲ್ಲಿಸಬೇಕಾದರೆ ಪಂಪಿನ ಒಂದು ಕೊಂಡಿಯನ್ನು ಎಳೆದು ಡೀಸೆಲ್ ಕಟ್ಟಬೇಕು. ಈ ಕೆಲಸಕ್ಕೆ ಪಂಪಿನ ಪಕ್ಕದಲ್ಲಿ ಒಂದು ಸೊಲೆನಾಯ್ಡ್ ಇರುತ್ತದೆ. ಹೊಸ ಟ್ರಕ್ಕಿನ ವೈರಿಂಗ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಆ ವೈರನ್ನು ಹೊಸದಾಗಿ ಎಳೆಯದೆ, ಕೊಂಡಿ ತೆರೆದ ಸ್ಥಿತಿಯಲ್ಲಿ ಎಂಜಿನ್ ಶುರು ಮಾಡಿದರೆ, ಕೀಲಿ ತಿರುಗಿಸಿ ಕೈಗೆ ತೆಗೆದುಕೊಂಡರೂ ಎಂಜಿನ್ ನಿಲ್ಲುವುದಿಲ್ಲ.

ಹಾಗಾದರೆ ಅಲ್ಲಿನವರು ಏನು ಮಾಡುತ್ತಾರೆ? ಎಂಜಿನ್ ಮುಂದಿನ ಪುಲಿಯ ಬಳಿ ವೇಗದ ಸೆನ್ಸಾರ್ ಕೂರಿಸುತ್ತಾರೆ. ಪೆಡಲಿನ ಕೇಬಲನ್ನು ಪಂಪಿನ ಲಿವರಿಗೂ ಪೆಡಲ್ ಸೆನ್ಸಾರಿಗೂ ಎರಡಕ್ಕೂ ಮುಟ್ಟಿಸುತ್ತಾರೆ. ಆಲ್ಟರ್ನೇಟರಿಗೆ ಹೊರಗಿನಿಂದ ಬೇರೆ ರೆಗ್ಯುಲೇಟರ್ ಹಾಕುತ್ತಾರೆ. ಎಣ್ಣೆಗೂ ನೀರಿಗೂ ಪ್ರತ್ಯೇಕ ಮೀಟರ್ ಇಡುತ್ತಾರೆ. ಹೊಸ ಎಂಜಿನ್ನಿನ ತಂಟೆ ಬೇಡವೆಂದು ಹಳೆಯ ಎಂಜಿನ್ ತಂದವರಿಗೆ, ಹೊಸ ಟ್ರಕ್ಕಿನ ವೈರಿಂಗ್ ನಕ್ಷೆಯನ್ನು ಮೊದಲಿಗಿಂತ ಚೆನ್ನಾಗಿ ಓದುವುದು ಅನಿವಾರ್ಯವಾಗುತ್ತದೆ.

ನಾಲ್ಕನೇ ಹಂತ: ಹೊಗೆ ಮತ್ತು ಕಾನೂನು

ಎಂಜಿನ್ ಎಲ್ಲಿ ಮುಗಿಯುತ್ತದೆ ಎಂದು ಕೇಳಿದರೆ ಮಕ್ಕಳು 'ಸೈಲೆನ್ಸರ್' ಎನ್ನುತ್ತಾರೆ. ಅದರ ಹೊಗೆ ಹೋಗುವುದು ನಮ್ಮ ಶ್ವಾಸಕೋಶಕ್ಕೆ. ಆದ್ದರಿಂದ ನಾಲ್ಕನೇ ಪ್ರಶ್ನೆ ಗಾಳಿಯದ್ದು.

ಅಮೆರಿಕದ ಶುದ್ಧ ಗಾಳಿ ಕಾಯ್ದೆಯ ಅಡಿಯಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ನಿಲುವು ಹೀಗಿದೆ: ಬೇರೆ ಎಂಜಿನ್ ಹಾಕಿದ ವಾಹನ, ಅದೇ ಮಾದರಿ ವರ್ಷದ ಅಥವಾ ಅದಕ್ಕಿಂತ ಹೊಸದಾದ, ಪ್ರಮಾಣೀಕರಿಸಿದ ಜೋಡಣೆಗೆ ಸಮನಾಗಿರಬೇಕು. ಅಂದರೆ ಹೊಸ ವಾಹನಕ್ಕೆ ಹಿಂದಿನ ಕಾಲದ ಎಂಜಿನ್ ಹಾಕಿ ಹೊಗೆಯ ಮಟ್ಟವನ್ನು ಹಿಂದಕ್ಕೆ ಒಯ್ಯುವಂತಿಲ್ಲ. ಮೇಲೆ ಹೇಳಿದ ಮೊದಲ ದಾರಿ, ಅದೇ ಜಾತಿಯ ಬರಿಯ ಬ್ಲಾಕ್ ತಂದು ಮೂಲ ಭಾಗಗಳನ್ನೆಲ್ಲ ಉಳಿಸಿಕೊಳ್ಳುವುದು, ಈ ಅಳತೆಗೋಲಿಗೆ ಹೊಂದುತ್ತದೆ. ಎರಡನೆಯ ದಾರಿ ಹೊಂದುವುದು ಕಷ್ಟ.

ನಮ್ಮಲ್ಲಿ ಈ ಅಂತರ ಇನ್ನೂ ದೊಡ್ಡದು. ದೇಶದಾದ್ಯಂತ 2017ರ ಏಪ್ರಿಲ್ 1ರಿಂದ ಬಿಎಸ್-4, 2020ರ ಏಪ್ರಿಲ್ 1ರಿಂದ ಬಿಎಸ್-6 ಬಂತು. ನಡುವಿನ ಬಿಎಸ್-5 ಬಿಟ್ಟು ಜಿಗಿದೆವು. ಭಾರಿ ಡೀಸೆಲ್ ಎಂಜಿನ್ ಒಂದು ಕಿಲೊವಾಟ್-ಗಂಟೆ ಕೆಲಸಕ್ಕೆ ಬಿಡಬಹುದಾದ ನೈಟ್ರೋಜನ್ ಆಕ್ಸೈಡ್‌ಗಳ ಮಿತಿ ಬಿಎಸ್-3ರಲ್ಲಿ 5 ಗ್ರಾಂ, ಬಿಎಸ್-4ರಲ್ಲಿ 3.5 ಗ್ರಾಂ, ಬಿಎಸ್-6ರಲ್ಲಿ ಸ್ಥಿರ ವೇಗದ ಪರೀಕ್ಷೆಯಲ್ಲಿ 0.4 ಗ್ರಾಂ. ಮಸಿಯ ಕಣಗಳ ಮಿತಿ 0.10 ಗ್ರಾಂನಿಂದ 0.01 ಗ್ರಾಂಗೆ ಇಳಿಯಿತು. ಇದಕ್ಕಾಗಿಯೇ ಹೊಸ ಲಾರಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ಡ್ರೈವರ್‌ಗಳು 'ಯೂರಿಯಾ' ಎನ್ನುವ ದ್ರವದ ಟ್ಯಾಂಕ್ ಇದೆ. ಶೇಕಡಾ 32.5 ಯೂರಿಯಾ ಇರುವ ಆ ದ್ರಾವಣ ಬಿಸಿ ಹೊಗೆಯಲ್ಲಿ ಅಮೋನಿಯಾ ಆಗಿ, ನೈಟ್ರೋಜನ್ ಆಕ್ಸೈಡ್‌ಗಳನ್ನು ಸಾರಜನಕ ಮತ್ತು ನೀರಾಗಿ ಬದಲಿಸುತ್ತದೆ. ಹಳೆಯ ಯಾಂತ್ರಿಕ ಎಂಜಿನ್ ಕೂರಿಸಿದರೆ ಇದನ್ನೆಲ್ಲ ನಡೆಸುವ ಕಂಪ್ಯೂಟರಿಗೆ ಕೆಲಸವೇ ಇರುವುದಿಲ್ಲ.

ಕಾನೂನಿನ ಮಾತು: ಎಂಜಿನ್ ನಂಬರ್ ಆರ್‌ಸಿಯಲ್ಲಿ ನಮೂದಾಗಿರುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ಸೂಚಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಎಂಜಿನ್ ಬದಲಿಸಿದರೆ ಅದು ನೋಂದಣಿ ಪ್ರಾಧಿಕಾರದ ಗಮನಕ್ಕೆ ಬಂದೇ ಆಗಬೇಕು. ಆರ್‌ಸಿಯಲ್ಲೊಂದು ಗಾಡಿಯಲ್ಲೊಂದು ಎಂಜಿನ್ ಇದ್ದರೆ ಎಫ್‌ಸಿ ಮಾಡಿಸುವಾಗ, ಅಪಘಾತವಾಗಿ ವಿಮೆ ಕೇಳುವಾಗ ಏನಾದೀತು ಎಂದು ಲಾರಿ ಮಾಲೀಕರ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಪ್ರಶ್ನೆ ಕೇಳಿದ ಹುಡುಗ ಇಲ್ಲಿ ತಾನೇ ಎದ್ದು ಹೇಳಿದ: "ಹಂಗಾದ್ರೆ ಅದೇ ಮಾಡೆಲ್ ಎಂಜಿನ್ ಹುಡುಕಿ, ಆರ್‌ಟಿಒದಲ್ಲಿ ಬರೆಸ್ಬೇಕು ಮಿಸ್." ನಾನು ಹೇಳಬೇಕೆಂದಿದ್ದ ಉತ್ತರ ಅದೇ. ಅವನ ಬಾಯಿಂದ ಬಂದದ್ದು ಹೆಚ್ಚು ಒಳ್ಳೆಯದಾಯಿತು, ಏಕೆಂದರೆ ಅದು ಮನೆಗೂ ಹೋಗುತ್ತದೆ.

ತರಗತಿಯಲ್ಲಿ ಮಾಡಿದ ಕ್ರಮ

ಮೊದಲ ಅವಧಿಯಲ್ಲಿ ಘನಫಲದ ಲೆಕ್ಕ, ಸೈಕಲ್ ಪಂಪಿನ ಪ್ರಯೋಗ, 120 ಡಿಗ್ರಿಯ ಲೆಕ್ಕ. ಬೋಧನೋಪಕರಣವಾಗಿ ಗ್ಯಾರೇಜಿನಿಂದ ಒಂದು ಹಳೆಯ ಪಿಸ್ಟನ್, ಒಂದು ಗ್ಯಾಸ್ಕೆಟ್ ತಂದಿದ್ದೆವು. ತಂದುಕೊಟ್ಟವರು ಮಕ್ಕಳೇ.

ಎರಡನೇ ಅವಧಿಯಲ್ಲಿ 'ಪ್ರಶ್ನೆ ಚೀಟಿ' ಆಟ. ತರಗತಿಯ ಅರ್ಧದಷ್ಟು ಮಕ್ಕಳು ಲಾರಿಯ ಭಾಗಗಳು: ಚಾಸಿ, ಗೇರ್ ಬಾಕ್ಸ್, ರೇಡಿಯೇಟರ್, ಬ್ಯಾಟರಿ, ಮೀಟರ್, ಕೀಲಿ, ಸೈಲೆನ್ಸರ್, ಆರ್‌ಸಿ ಪುಸ್ತಕ. ಉಳಿದವರು ಎರಡು ಗುಂಪಾಗಿ 'ಹಳೆಯ ಎಂಜಿನ್' ಮತ್ತು 'ಹೊಸ ಎಂಜಿನ್'. ಪ್ರತಿ ಭಾಗವೂ ತನಗೆ ಬೇಕಾದದ್ದನ್ನು ಒಂದು ಚೀಟಿಯಲ್ಲಿ ಬರೆದು ಕೇಳಬೇಕು. ಗೇರ್ ಬಾಕ್ಸ್ ಬರೆದದ್ದು, 'ನಿನ್ನ ವೇಗ ಎಷ್ಟು?' ಕೀಲಿ ಬರೆದದ್ದು, 'ನಾನು ತಿರುಗಿದರೆ ನೀನು ನಿಲ್ಲುತ್ತೀಯಾ?' ಎಂಜಿನ್ ಗುಂಪು ಉತ್ತರ ಕೊಡಲಾಗದಿದ್ದರೆ ಚೀಟಿಯನ್ನು ಕಪ್ಪುಹಲಗೆಗೆ ಅಂಟಿಸುವುದು. ಕೊನೆಗೆ ಹಲಗೆಯ ಮೇಲೆ ಉಳಿದ ಚೀಟಿಗಳೇ ಮೆಕ್ಯಾನಿಕ್ ಮಾಡಬೇಕಾದ ಕೆಲಸದ ಪಟ್ಟಿ.

ಸೆನ್ಸಾರ್ ಎಂದರೇನು ಎಂಬುದಕ್ಕೆ ಒಂದು ಸಣ್ಣ ಪ್ರಯೋಗ: ತಲೆಕೆಳಗಾಗಿ ನಿಲ್ಲಿಸಿದ ಸೈಕಲ್ ಚಕ್ರದ ಕಡ್ಡಿಗೆ ಒಂದು ಆಯಸ್ಕಾಂತ ಕಟ್ಟಿ, ಪಕ್ಕದಲ್ಲಿ ತಂತಿಯ ಸುರುಳಿ ಇಟ್ಟು ಗ್ಯಾಲ್ವನೋಮೀಟರಿಗೆ ಜೋಡಿಸುವುದು. ಆಯಸ್ಕಾಂತ ಸುರುಳಿಯ ಮುಂದೆ ಹಾದಾಗಲೆಲ್ಲ ಮುಳ್ಳು ಜಿಗಿಯುತ್ತದೆ. ಒಂದು ನಿಮಿಷದ ಜಿಗಿತ ಎಣಿಸಿದರೆ ಚಕ್ರದ ವೇಗ ಸಿಕ್ಕಿತು. ವಾಹನಗಳಲ್ಲಿ ಬೇರೆ ವಿಧದ ಸೆನ್ಸಾರ್‌ಗಳೂ ಇವೆ, ಆದರೆ ತಿರುಗುವಿಕೆಯನ್ನು ಮಿಡಿತವಾಗಿಸಿ ಎಣಿಸುವ ತತ್ವ ಒಂದೇ. ಚಕ್ರವನ್ನು ನಿಧಾನವಾಗಿ ತಿರುಗಿಸಬೇಕು, ಇಲ್ಲವಾದರೆ ಮುಳ್ಳಿನ ಜಿಗಿತ ಎಣಿಕೆಗೆ ಸಿಗುವುದಿಲ್ಲ.

ಮೌಲ್ಯಮಾಪನ

ಕೊನೆಯಲ್ಲಿ ಮೂರು ಪ್ರಶ್ನೆಗಳನ್ನು ಕೊಟ್ಟೆ. ಒಂದು, 97 ಮಿ.ಮೀ. ಬೋರ್, 128 ಮಿ.ಮೀ. ಸ್ಟ್ರೋಕ್ ಇರುವ ಟಾಟಾ 697 ಎಂಜಿನ್ನಿನ ಆರು ಸಿಲಿಂಡರ್‌ಗಳ ಒಟ್ಟು ಘನಫಲ ಎಷ್ಟು? ಎರಡು, ಎಂಜಿನ್ ಓಡುತ್ತಿದ್ದರೂ ಬ್ಯಾಟರಿ ಚಾರ್ಜ್ ಆಗದಿರಲು ಬೆಲ್ಟು ಬಿಟ್ಟು ಬೇರೆ ಒಂದು ಕಾರಣ ಬರೆಯಿರಿ. ಮೂರು, ನಿಮ್ಮ ಮನೆಯ ಯಾವುದಾದರೂ ಒಂದು ಯಂತ್ರದ ಭಾಗವನ್ನು ಹಳೆಯ ಮಾದರಿಯ ಭಾಗದಿಂದ ಬದಲಿಸಿದರೆ, ಉಳಿದ ಭಾಗಗಳು ಅದಕ್ಕೆ ಕೇಳುವ ಪ್ರಶ್ನೆಗಳನ್ನು ಬರೆಯಿರಿ.

ಮೂರನೆಯದಕ್ಕೆ ಬಂದ ಉತ್ತರಗಳು ನನಗೆ ಹೆಚ್ಚು ಕಲಿಸಿದವು. ಒಬ್ಬಳು ಮಿಕ್ಸಿಯ ಜಾರಿನ ಬಗ್ಗೆ ಬರೆದಳು: ಜಾರು ಕೂತರೂ ಕೆಳಗಿನ ಕಪ್ಲರ್ ಹಲ್ಲು ಹೊಂದದಿದ್ದರೆ ಬ್ಲೇಡು ತಿರುಗದು. ಇನ್ನೊಬ್ಬ ಬೋರ್‌ವೆಲ್ ಮೋಟರಿನ ಬಗ್ಗೆ ಬರೆದ: ಹೆಚ್ಚು ಎಚ್‌ಪಿಯ ಹಳೆಯ ಮೋಟರ್ ಇಳಿಸಿದರೆ ಮೇಲಿನ ಸ್ಟಾರ್ಟರ್ ಮತ್ತು ಕೇಬಲ್ ತಡೆಯುತ್ತದೆಯೇ ಎಂದು ಕೇಳಬೇಕು. ಘಟಕ ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆಯುವ ನಾಲ್ಕೈದು ಮಕ್ಕಳು ಈ ಪ್ರಶ್ನೆಗೆ ಪುಟ ತುಂಬ ಬರೆದಿದ್ದರು. ಇವರಲ್ಲಿ ಕೆಲವರು ಎಸ್‌ಎಸ್‌ಎಲ್‌ಸಿ ಆದ ಮೇಲೆ ಗ್ಯಾರೇಜಿಗೆ ಹೋಗುವವರು. 'ವಿಜ್ಞಾನ ನಮಗಲ್ಲ' ಎಂದುಕೊಂಡು ಹೋಗುವುದಕ್ಕೂ, ಗ್ಯಾರೇಜಿನಲ್ಲಿ ಮಾಡುವುದೂ ವಿಜ್ಞಾನವೇ ಎಂದು ತಿಳಿದು ಹೋಗುವುದಕ್ಕೂ ವ್ಯತ್ಯಾಸವಿದೆ. ಇಂದಿನ ಲಾರಿಯನ್ನು ರಿಪೇರಿ ಮಾಡಲು ಪಾನ ಹಿಡಿಯುವ ಕೈಯೂ ಬೇಕು, ಸಂಕೇತ ಓದುವ ಕಣ್ಣೂ ಬೇಕು.

ಬೋಧನಾಭ್ಯಾಸಕ್ಕೆ ಹೊರಡುವ ಗೆಳೆಯರಿಗೆ ಒಂದು ಸಲಹೆ. ಶಾಲೆಗೆ ಹೋದ ಮೊದಲ ವಾರದಲ್ಲೇ ಆ ಊರಿನ ಮಕ್ಕಳ ಮನೆಯಲ್ಲಿ ಯಾವ ಕೆಲಸ ನಡೆಯುತ್ತದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ನೇಯ್ಗೆ ಇರುವ ಊರಿನಲ್ಲಿ ಮಗ್ಗ, ಕರಾವಳಿಯಲ್ಲಿ ದೋಣಿಯ ಎಂಜಿನ್, ಕಬ್ಬಿನ ಸೀಮೆಯಲ್ಲಿ ಆಲೆಮನೆಯ ಗಾಣ ಈ ಪಾಠಕ್ಕೆ ಲಾರಿಯಷ್ಟೇ ಒದಗುತ್ತದೆ. ಒಂದು ಭಾಗ ಬದಲಿಸಿ, ಉಳಿದವು ಏನು ಕೇಳುತ್ತವೆ ಎಂದು ಮಕ್ಕಳ ಕೈಯಲ್ಲೇ ಬರೆಸಿ. ಚೀಟಿಗಳನ್ನು ಎಸೆಯಬೇಡಿ. ಮುಂದಿನ ಘಟಕದ ಪಾಠಯೋಜನೆ ಬರೆಯುವಾಗ ಅವೇ ಬೇಕಾಗುತ್ತವೆ.